ಗಾಳಕ್ಕೆ ಚೀಟಿ ಎಲ್ಲಿ ಕೊಡ್ತಾರೆ?

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿ ಸುತ್ತಿನ ಯಾವುದಾದರೂ ಕೆರೆ ದಂಡೆಗೆ ಹೋಗಿ ನೋಡಿ. ಗಾಳ ಹಾಕಿ ಕೂತವರು ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. ಒಬ್ಬರ ಹತ್ತಿರ ಬಿದಿರು ಕೋಲು, ಎರೆಹುಳ. ಇನ್ನೊಬ್ಬರ ಹತ್ತಿರ ಆನ್‌ಲೈನ್‌ನಲ್ಲಿ ತರಿಸಿದ ರಾಡು, ಗೋಧಿಹಿಟ್ಟಿನ ಉಂಡೆ. ಲೈಸೆನ್ಸ್ ಇದೆಯಾ ಅಂದರೆ, 'ಎಲ್ಲಿ ಕೊಡ್ತಾರ್ರೀ ಅದನ್ನ?' ಎಂದು ನಮ್ಮನ್ನೇ ಕೇಳುತ್ತಾರೆ.

ಪ್ರಶ್ನೆ ಸಣ್ಣದು, ಉತ್ತರ ಮಾತ್ರ ಸಿಕ್ಕಾಪಟ್ಟೆ ಗೋಜಲು. 1897ರ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಹಾಕಬೇಡಿ, ನೀರಿಗೆ ವಿಷ ಬೆರೆಸಬೇಡಿ ಎಂದಿತು. ಆಮೇಲೆ 1956ರಲ್ಲಿ ಧಾರವಾಡ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಗದಗ, ಹಾವೇರಿ ಬೇರೆಯಾದವು. ಕೆರೆಗಳು ಇದ್ದಲ್ಲೇ ಇದ್ದವು, ಯಜಮಾನರು ಬದಲಾಗುತ್ತಾ ಹೋದರು.

ಈಗಿನ ಲೆಕ್ಕ ಹೀಗಿದೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯತಿಗೆ, ಅದಕ್ಕೂ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಗೆ. ಆದರೆ ಆ ದೊಡ್ಡ ಕೆರೆಯ ಮೀನು ಮೀನುಗಾರಿಕೆ ಇಲಾಖೆಯದು. ಆ ಮೀನು ಸಾಕಿ ಹಿಡಿಯುವ ಹಕ್ಕಿಗೆ ಕಾಗದದಲ್ಲಿ 'ಮೀನು ಪಾಶುವಾರು ಹಕ್ಕು' ಅಂತ ಹೆಸರು. ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಇದನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಕೊಡುತ್ತಾರೆ.

ಗುತ್ತಿಗೆ ಹಿಡಿದವರ ಪಾಡೂ ಸುಲಭದ್ದಲ್ಲ. ಮಳೆಗಾಲದಲ್ಲಿ ಕಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಡಬೇಕು. ಅವು ಬೆಳೆದು, ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ ಎಳೆಯಬೇಕು. ಮಧ್ಯೆ ಏನು ಬೇಕಾದರೂ ಆಗಬಹುದು. 2019ರ ಆಗಸ್ಟಿನಂಥ ಮಳೆ ಬಂದರೆ ಕೋಡಿ ಹರಿದು ಮೀನು ಹಳ್ಳಕ್ಕೆ ಹೋಗುತ್ತದೆ. 2023ರಂಥ ಬರ ಬಿದ್ದರೆ ಮರಿ ಬಿಡೋಕೇ ನೀರಿರುವುದಿಲ್ಲ. ಇಷ್ಟೆಲ್ಲ ದಾಟಿ ಉಳಿದ ಮೀನಿಗೆ ದಂಡೆಯ ಮೇಲೆ ಹತ್ತು ಗಾಳ ಕಾದಿದ್ದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಅದಕ್ಕೇ ಕಾವಲುಗಾರ.

ಕಾಲೇಜಿನ ದಿನಗಳಲ್ಲಿ ಅಂಥ ಕಾವಲುಗಾರರೊಬ್ಬರು ನನ್ನ ಕೋಲು ಕಸಿದುಕೊಂಡಿದ್ದರು. ಇಪ್ಪತ್ತು ರೂಪಾಯಿ, ಒಂದು ಕಟ್ಟು ಬೀಡಿ ಕೊಟ್ಟ ಮೇಲೆ ಕೋಲು ವಾಪಸ್ ಬಂತು, ಮಧ್ಯಾಹ್ನದ ತನಕ ಕೂರೋಕೆ ಅಪ್ಪಣೆಯೂ ಸಿಕ್ಕಿತು. ಸಿಕ್ಕಿದ್ದು ಎರಡು ಜಿಲೇಬಿ ಮೀನು. ಅವನ್ನು ಯಾರೂ ಬಿಟ್ಟಿದ್ದಲ್ಲ, ತಾವಾಗೇ ಹೆಚ್ಚಿಕೊಳ್ಳುವ ಜಾತಿ.

ಒಳನಾಡು ಮೀನುಗಾರಿಕೆಗೆ ರಾಜ್ಯ 1996ರಲ್ಲಿ ತನ್ನದೇ ಕಾಯ್ದೆ ಮಾಡಿತು. ಆದರೆ ಲೈಸೆನ್ಸ್ ಅಂದಾಗ ನಮ್ಮ ಕಡೆ ಕಣ್ಣಿಗೆ ಬರೋದು ಜಲಾಶಯದಲ್ಲಿ ಹರಿಗೋಲು ಇಳಿಸಿ ಬಲೆ ಬಿಡುವ ಕಸುಬಿನವರು. ಸುಮ್ನೆ ಹೊತ್ತು ಕಳೆಯೋಕೆ ಗಾಳ ಹಾಕುವವರನ್ನು ಯಾರೂ ಗಂಭೀರವಾಗಿ ನೆನೆದಂತಿಲ್ಲ.

ಹವ್ಯಾಸದ ಗಾಳಕ್ಕೆ ಪರ್ಮಿಟ್ ಕೊಡುವ ರೂಢಿ ಬೆಳೆದದ್ದು ದಕ್ಷಿಣದಲ್ಲಿ, ಕಾವೇರಿ ದಂಡೆಯಲ್ಲಿ. ಕೊಡಗಿನಲ್ಲಿ ವನ್ಯಜೀವಿ ಸಂಘವೇ ಪರ್ಮಿಟ್ ಕೊಡುತ್ತಾ ಬಂತು. ಭೀಮೇಶ್ವರಿ, ಗಾಲಿಬೋರೆಯಲ್ಲಿ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆ ಜಂಗಲ್ ಲಾಡ್ಜಸ್‌ನ ಶಿಬಿರಗಳಿದ್ದವು. ದುಡ್ಡು ಕಟ್ಟಿ ಮಹಶೀರ್ ಎಂಬ ದೊಡ್ಡ ಹೊಳೆಮೀನು ಹಿಡಿಯಬೇಕು, ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡಬೇಕು. ಅದು ಅಭಯಾರಣ್ಯದ ನೀರು. ಹಿಡಿದು ಬಿಟ್ಟರೂ ಬೇಟೆಯೇ ಅಲ್ವಾ ಎಂಬ ತಕರಾರು ಎದ್ದು, 1972ರ ವನ್ಯಜೀವಿ ಕಾಯ್ದೆ ಅಡ್ಡ ಬಂದು, 2010ರ ಹೊತ್ತಿಗೆ ಭೀಮೇಶ್ವರಿಯಲ್ಲಿ ಗಾಳ ನಿಂತಿತು. ಆ ಶಿಬಿರಗಳ ಕಾವಲಿನಿಂದಲೇ ಅಲ್ಲಿ ಮದ್ದು ಸಿಡಿಸಿ ಮೀನು ಹೊಡೆಯುವವರು ದೂರ ಇದ್ದರು ಎಂದು ಗಾಳದವರು ಈಗಲೂ ವಾದಿಸುತ್ತಾರೆ. ಪೂರ್ತಿ ತಳ್ಳಿಹಾಕುವ ಮಾತಲ್ಲ ಅದು.

ನಮ್ಮಲ್ಲೂ ಅರಣ್ಯ ಇಲಾಖೆಯ ಕೈಗೆ ಬರುವ ಕೆರೆಗಳಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಬಂದಿಳಿಯುವ ಜಾಗ. ಅಂಥ ಕಡೆ ಗಾಳ ಬೇಡವೇ ಬೇಡ, ಬಿಡಿ. ಉಳಿದ ಕೆರೆಗಳಿಗೆ ದಿನದ ಚೀಟಿ ಮಾಡಿ, ಅದರಲ್ಲಿ ಗುತ್ತಿಗೆದಾರರಿಗೂ ಪಾಲು ಕೊಟ್ಟರೆ ಅರ್ಧ ಜಗಳ ಮುಗಿಯುತ್ತಿತ್ತು. ಚೀಟಿ ಹರಿದು ಕೊಡಬೇಕಾದವರು ನೀರಿನವರೋ ಮೀನಿನವರೋ ಪಂಚಾಯತಿಯವರೋ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ಮೊನ್ನೆ ಅದೇ ಕೆರೆಗೆ ಹೋಗಿದ್ದೆ. ಕಾವಲುಗಾರರು ಬೇರೆಯವರು. ರೇಟು ಈಗ ನೂರು ರೂಪಾಯಿ, ಮೊಬೈಲಿನಲ್ಲೂ ಹಾಕಬಹುದು. ರಸೀದಿ ಕೇಳಿದೆ. ಅವರು ನಕ್ಕು, ಕೂರೋಕೆ ನೆರಳಿರುವ ಜಾಗ ತೋರಿಸಿದರು.