ದ್ವಿತೀಯ ಭಾಷೆ ಯಾರೊಡನೆ ಮಾತನಾಡಲು?

ಹುಬ್ಬಳ್ಳಿಯ ಉರ್ದು ಮಾಧ್ಯಮ ಶಾಲೆಯ ಎಷ್ಟೋ ಮಕ್ಕಳಿಗೆ ಕನ್ನಡ ದ್ವಿತೀಯ ಭಾಷೆ. ನವಲಗುಂದ, ಕುಂದಗೋಳ ತಾಲೂಕುಗಳ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಮೊದಲಿನವರಿಗೆ ಕಲಿಯಬೇಕಾದ ಭಾಷೆ ಶಾಲೆಯ ಗೇಟು ದಾಟಿದೊಡನೆ ಕಿವಿಗೆ ಬೀಳುತ್ತದೆ: ದುರ್ಗದಬೈಲಿನ ಅಂಗಡಿಗಳಲ್ಲಿ, ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ, ಸರಕಾರಿ ದವಾಖಾನೆಯ ಸಾಲಿನಲ್ಲಿ. ಎರಡನೆಯವರಿಗೆ ಇಂಗ್ಲಿಷ್ ಪಿರಿಯಡ್ ಮುಗಿದ ಮೇಲೆ ಆ ಭಾಷೆಯಲ್ಲಿ ಒಂದು ಮಾತು ಆಡಬೇಕಾದ ಪ್ರಸಂಗವೇ ಅಪರೂಪ. ಇಲಾಖೆಯ ಕಾಗದಪತ್ರಗಳಲ್ಲಿ ಇವೆರಡಕ್ಕೂ ಇರುವುದು ಒಂದೇ ಹೆಸರು. ಸಂವಹನಕ್ಕೆ ಒತ್ತು ಕೊಡುವ ಪಠ್ಯಕ್ರಮ ನಮ್ಮಲ್ಲಿ ಏಕೆ ನೆಲೆಯೂರಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಈ ವ್ಯತ್ಯಾಸವನ್ನು ಕೈಬಿಡದೆ ಹಿಂದಿನದನ್ನು ನೋಡಬೇಕು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಭಾಗದಲ್ಲಿ ಭಾಷೆಯ ಪ್ರಶ್ನೆ ಮೊದಲಿನಿಂದಲೂ ಸ್ಥಾನಮಾನದ ಪ್ರಶ್ನೆಯಾಗಿತ್ತು. ಮರಾಠಿಯ ಪ್ರಾಬಲ್ಯವಿದ್ದ ಶಾಲೆಗಳ ಕಾಲದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯೂಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು; 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಯಾವ ಭಾಷೆಗೆ ಶಾಲೆಯಲ್ಲಿ ಜಾಗ ಸಿಗಬೇಕು ಎಂಬ ಹೋರಾಟ ಅಷ್ಟು ತುರ್ತಿನದಾಗಿದ್ದಾಗ, ಸಿಕ್ಕ ಜಾಗದಲ್ಲಿ ಅದನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಹಿಂದೆ ಸರಿದದ್ದು ಸಹಜವೇ. ಇಂಗ್ಲಿಷನ್ನಂತೂ ವ್ಯಾಕರಣ ಮತ್ತು ಭಾಷಾಂತರದ ಮೂಲಕವೇ ಕಲಿಸಲಾಗುತ್ತಿತ್ತು. ಸ್ವಾತಂತ್ರ್ಯದ ನಂತರ ಮುಂಬಯಿ ಸರಕಾರ ಇಂಗ್ಲಿಷ್ ಕಲಿಕೆಯನ್ನು ಎಂಟನೆಯ ಇಯತ್ತೆಗೆ ಮುಂದೂಡಿತು.

1950ರ ದಶಕದಿಂದ ದೇಶದಲ್ಲಿ ರಾಚನಿಕ ಪಠ್ಯಕ್ರಮ ಹರಡಿತು. ವಾಕ್ಯರಚನೆಗಳನ್ನು ಸರಳದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನು ಬಾಯಲ್ಲಿ ಹೇಳಿಸಿ ಗಟ್ಟಿ ಮಾಡಿಸುವುದು ಅದರ ಕ್ರಮ. ಹೈದರಾಬಾದಿನಲ್ಲಿ 1958ರಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಶಿಕ್ಷಕರನ್ನು ತರಬೇತುಗೊಳಿಸಿದವು. ಪೆನ್ನು ಕೈಯಲ್ಲಿ ಹಿಡಿದು ‘ದಿಸ್ ಈಸ್ ಎ ಪೆನ್’ ಎಂದು ತರಗತಿಯೆಲ್ಲ ಒಂದೇ ದನಿಯಲ್ಲಿ ಹೇಳುವ ಪಾಠ ಆ ಕಾಲದ್ದು. ಎದುರಿಗೇ ಕಾಣುವ ಪೆನ್ನನ್ನು ಪೆನ್ನೆಂದು ಯಾರಿಗೂ ತಿಳಿಸಬೇಕಾದ ಅಗತ್ಯವಿಲ್ಲ ಎಂಬುದೇ ಆ ಪಾಠದ ಕೊರತೆ.

ಈ ಕೊರತೆಗೆ ಸೈದ್ಧಾಂತಿಕ ಉತ್ತರ ಸಿಕ್ಕಿದ್ದು ಅಮೆರಿಕದ ಭಾಷಾವಿಜ್ಞಾನಿ ಡೆಲ್ ಹೈಮ್ಸ್ ಅವರಿಂದ. ವ್ಯಾಕರಣಶುದ್ಧ ವಾಕ್ಯ ಕಟ್ಟುವುದಷ್ಟೇ ಭಾಷಾ ಸಾಮರ್ಥ್ಯವಲ್ಲ. ಯಾರೊಡನೆ, ಎಲ್ಲಿ, ಯಾವಾಗ, ಯಾವ ರೀತಿ ಮಾತನಾಡಬೇಕೆಂಬ ಅರಿವೂ ಅದರೊಳಗೆ ಸೇರುತ್ತದೆ ಎಂದು ಅವರು ವಾದಿಸಿದರು. ಅದೇ ಹೊತ್ತಿಗೆ, 1971ರಲ್ಲಿ, ಯೂರೋಪ್ ಪರಿಷತ್ತು ವಯಸ್ಕರಿಗೆ ಭಾಷೆ ಕಲಿಸುವ ಹೊಸ ಯೋಜನೆಗೆ ಕೈಹಾಕಿತು. ಗಡಿ ದಾಟಿ ಕೆಲಸಕ್ಕೆ ಹೋಗುವವರು, ಪ್ರವಾಸಿಗರು, ವ್ಯಾಪಾರಿಗಳು ಅದರ ಕಣ್ಮುಂದಿದ್ದ ಕಲಿಕಾರ್ಥಿಗಳು. ಆ ಯೋಜನೆಯಲ್ಲಿದ್ದ ಬ್ರಿಟಿಷ್ ಭಾಷಾವಿಜ್ಞಾನಿ ಡಿ.ಎ. ವಿಲ್ಕಿನ್ಸ್ 1972ರಲ್ಲಿ ಕಾಲ, ಪ್ರಮಾಣ, ಸ್ಥಳದಂತಹ ಪರಿಕಲ್ಪನೆಗಳನ್ನೂ, ಕೇಳಿಕೊಳ್ಳುವುದು, ನಿರಾಕರಿಸುವುದು, ಕ್ಷಮೆ ಕೋರುವುದು ಮುಂತಾದ ಭಾಷಾ ಕಾರ್ಯಗಳನ್ನೂ ಪಠ್ಯಕ್ರಮದ ಘಟಕಗಳಾಗಿ ಮುಂದಿಟ್ಟರು. 1975ರಲ್ಲಿ ವ್ಯಾನ್ ಎಕ್ ಅವರು ದಿನನಿತ್ಯದ ವ್ಯವಹಾರಕ್ಕೆ ಕನಿಷ್ಠ ಎಷ್ಟು ಇಂಗ್ಲಿಷ್ ಬೇಕೆಂಬುದನ್ನು ವಿವರವಾಗಿ ಪಟ್ಟಿ ಮಾಡಿದರು. 1978ರಲ್ಲಿ ಜಾನ್ ಮನ್‌ಬಿ ಕಲಿಕಾರ್ಥಿಯ ಅಗತ್ಯಗಳನ್ನು ಅಳೆದು ಪಠ್ಯಕ್ರಮಕ್ಕೆ ಇಳಿಸುವ ವಿಸ್ತೃತ ವಿಧಾನವನ್ನು ರೂಪಿಸಿದರು; ಅದು ತೀರ ಯಾಂತ್ರಿಕವೆಂಬ ಟೀಕೆಯೂ ಬಂತು. ಇಷ್ಟೆಲ್ಲಕ್ಕೂ ಆಧಾರವಾಗಿದ್ದ ನಂಬಿಕೆ ಒಂದೇ: ಕಲಿಯುವವನಿಗೆ ತರಗತಿಯ ಹೊರಗೆ ಆ ಭಾಷೆಯ ಅಗತ್ಯ ಈಗಲೇ ಇದೆ.

ಆ ನಂಬಿಕೆ ದಕ್ಷಿಣ ಭಾರತದ ಶಾಲೆಗಳಿಗೆ ಹೊಂದುವುದಿಲ್ಲವೆಂದು ಕಂಡುಕೊಂಡವರು ಎನ್.ಎಸ್. ಪ್ರಭು. ಬ್ರಿಟಿಷ್ ಕೌನ್ಸಿಲ್‌ನ ಮದ್ರಾಸ್ ಕಚೇರಿಯಲ್ಲಿದ್ದ ಅವರು, ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ಸಹಕಾರದೊಂದಿಗೆ 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ಇಂದು ಜಗತ್ತಿನೆಲ್ಲೆಡೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪರಿಚಿತ. ನಮ್ಮ ನೆಲದಲ್ಲಿ ಹುಟ್ಟಿದ ಈ ವಿಚಾರವನ್ನು ನಮ್ಮ ಬಿ.ಇಡಿ. ತರಗತಿಗಳು ಪರೀಕ್ಷೆಯ ಟಿಪ್ಪಣಿಯಾಗಿ ಓದಿಸಿ ಮುಗಿಸುತ್ತವೆ ಎಂಬುದು ನನಗೆ ನೋವಿನ ಸಂಗತಿ. ಪ್ರಭು ಅವರು ರಚನೆಗಳ ಪಟ್ಟಿಯನ್ನೂ ಬಿಟ್ಟರು, ಭಾಷಾ ಕಾರ್ಯಗಳ ಪಟ್ಟಿಯನ್ನೂ ಬಿಟ್ಟರು. ಅವುಗಳ ಬದಲು ಯೋಚಿಸಿ ಬಿಡಿಸಬೇಕಾದ ಚಟುವಟಿಕೆಗಳನ್ನು ಸಾಲಾಗಿ ಜೋಡಿಸಿದರು: ನಕಾಶೆ ನೋಡಿ ದಾರಿ ಗುರುತಿಸುವುದು, ರೈಲಿನ ವೇಳಾಪಟ್ಟಿ ಓದಿ ಯಾವ ಗಾಡಿ ಹಿಡಿಯಬೇಕೆಂದು ತೀರ್ಮಾನಿಸುವುದು. ಶಿಕ್ಷಕರು ಮೊದಲು ಅಂಥದೇ ಒಂದನ್ನು ಇಡೀ ತರಗತಿಯೊಂದಿಗೆ ಮಾತನಾಡುತ್ತ ಬಿಡಿಸುವರು. ಬಳಿಕ ಪ್ರತಿ ಮಗುವೂ ಇನ್ನೊಂದನ್ನು ತಾನೇ ಮಾಡಬೇಕು. ಗಮನವೆಲ್ಲ ಅರ್ಥದ ಮೇಲಿರುವಾಗ ವ್ಯಾಕರಣ ತಾನಾಗಿ ಒಳಗೆ ರೂಪುಗೊಳ್ಳುತ್ತದೆ ಎಂಬುದು ಅವರ ನಿಲುವು. ಗದಗಕ್ಕೆ ಹತ್ತು ಗಂಟೆಯೊಳಗೆ ತಲುಪಲು ಹುಬ್ಬಳ್ಳಿಯಲ್ಲಿ ಯಾವ ಗಾಡಿ ಹತ್ತಬೇಕೆಂದು ಇಂಗ್ಲಿಷ್ ವೇಳಾಪಟ್ಟಿಯಿಂದ ಲೆಕ್ಕ ಹಾಕುವ ನವಲಗುಂದದ ಹುಡುಗಿಗೆ, ಆ ಹೊತ್ತಿನ ಮಟ್ಟಿಗೆ, ಇಂಗ್ಲಿಷ್ ನಿಜವಾಗಿಯೂ ಬೇಕಾಗುತ್ತದೆ. ಹೊರಗಿಲ್ಲದ ಅಗತ್ಯವನ್ನು ತರಗತಿಯೊಳಗೇ ಸೃಷ್ಟಿಸಿದ್ದು ಈ ಪ್ರಯೋಗದ ಸಾಧನೆ.

ಅದೇ ವರ್ಷಗಳಲ್ಲಿ ಕರ್ನಾಟಕದ ಗಮನ ಬೇರೆಡೆಗಿತ್ತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ, ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದ ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. 1982ರಲ್ಲಿ ಅದರ ಜಾರಿಗಾಗಿ ನಾಡೇ ಎದ್ದು ನಿಂತಿತು. ಪ್ರಥಮ ಭಾಷೆ ಯಾವುದು, ಅದಕ್ಕೆಷ್ಟು ಅಂಕ ಎಂಬುದು ಅಂದಿನ ಪ್ರಶ್ನೆ. ಆ ಹೋರಾಟ ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕನ್ನಡ ಮನೆಮಾತಲ್ಲದ ಮಗುವಿಗೆ ಅದನ್ನು ಕಲಿಸುವ ಬಗೆ ಯಾವುದೆಂಬ ಚರ್ಚೆ ಅಷ್ಟೇ ಕಾವಿನಿಂದ ನಡೆಯಲಿಲ್ಲ. ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದ 2007ರಲ್ಲಿ, ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಸಂದರ್ಭದಲ್ಲೂ ಚರ್ಚೆ ಹೆಚ್ಚಾಗಿ ಬೇಕೋ ಬೇಡವೋ ಎಂಬುದರ ಸುತ್ತಲೇ ಸುತ್ತಿತು.

ಇದರ ಫಲವಾಗಿ, ನನ್ನ ದೃಷ್ಟಿಯಲ್ಲಿ, ಮಾದರಿಯೊಂದು ತಪ್ಪು ಜಾಗಕ್ಕೆ ಸೇರಿದೆ. ಯೂರೋಪಿನ ಭಾಷಾ ಕಾರ್ಯಗಳ ಪಟ್ಟಿ ಇಂಗ್ಲಿಷಿನೊಳಗೆ ಬಂದಿದೆ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಒಂದು ಸಂಭಾಷಣೆ ಕೊಟ್ಟು, ಅಡಿಗೆರೆ ಎಳೆದ ಮಾತು ವಿನಂತಿಯೋ, ಸಲಹೆಯೋ, ಅನುಮತಿ ಕೋರುವುದೋ ಎಂದು ನಾಲ್ಕು ಆಯ್ಕೆಗಳಲ್ಲಿ ಗುರುತಿಸಲು ಕೇಳುತ್ತಾರೆ. ಒಬ್ಬರಲ್ಲಿಯೂ ಒಮ್ಮೆಯೂ ಇಂಗ್ಲಿಷಿನಲ್ಲಿ ವಿನಂತಿ ಮಾಡದ ಮಗು ಅದಕ್ಕೆ ಸರಿಯುತ್ತರ ಬರೆದು ಅಂಕ ಪಡೆಯುತ್ತದೆ. ಇತ್ತ, ಹೊರಗೆ ಅಗತ್ಯವಿರುವ ದ್ವಿತೀಯ ಭಾಷೆ ಕನ್ನಡದಲ್ಲಿ ಗದ್ಯ, ಪದ್ಯ, ಸಂಧಿ, ಸಮಾಸ, ಪತ್ರಲೇಖನಗಳ ಹಳೆಯ ಚೌಕಟ್ಟೇ ಉಳಿದಿದೆ.

ವಿಲ್ಕಿನ್ಸರ ದಾರಿಯಲ್ಲಿ ಹುಬ್ಬಳ್ಳಿಯ ಮಕ್ಕಳಿಗೆ ಕನ್ನಡದ ಒಂದು ಘಟಕ ಹೇಗಿರಬಹುದು? ‘ಕೇಳಿಕೊಳ್ಳುವುದು’ ಎಂಬ ಕಾರ್ಯವನ್ನೇ ತೆಗೆದುಕೊಳ್ಳೋಣ. ಐದನೆಯ ತರಗತಿಯಲ್ಲಿ ಗೆಳೆಯನಿಗೆ ‘ಪೆನ್ನ ಕೊಡೋ’ ಎನ್ನುವುದಕ್ಕೂ ಅಂಗಡಿಕಾರರಿಗೆ ‘ಚಿಲ್ಲರ ಕೊಡ್ರಿ’ ಎನ್ನುವುದಕ್ಕೂ ಇರುವ ಅಂತರ ಸಾಕು. ಏಳನೆಯದರಲ್ಲಿ ಅದೇ ಕಾರ್ಯ ಮರಳಿ ಬರಲಿ: ದವಾಖಾನೆಯಲ್ಲಿ ಹಿರಿಯರೊಬ್ಬರಿಗೆ ‘ಸ್ವಲ್ಪ ಸರೀತೀರೇನ್ರಿ’ ಎನ್ನುವುದು, ಬಸ್ಸಿನಲ್ಲಿ ‘ಇಲ್ಲೆ ಇಳಸ್ರಿ’ ಎನ್ನುವುದು. ಒಂಬತ್ತನೆಯದರಲ್ಲಿ ಮುಖ್ಯೋಪಾಧ್ಯಾಯರಿಗೆ ರಜಾ ಅರ್ಜಿ, ‘ದಯವಿಟ್ಟು ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.’ ಕಾರ್ಯ ಒಂದೇ; ಎದುರಿಗಿರುವವರು ಬದಲಾದಂತೆ ಕ್ರಿಯಾರೂಪ ಬದಲಾಗುತ್ತದೆ, ಆಗ ವ್ಯಾಕರಣವನ್ನೂ ಕಲಿಸಬಹುದು.

ಇಲ್ಲಿಯೇ ಒಂದು ಕಠಿಣ ನಿರ್ಧಾರವೂ ಎದುರಾಗುತ್ತದೆ. ಪುಸ್ತಕದಲ್ಲಿ ‘ಬರುತ್ತಿದ್ದಾನೆ’ ಎಂದು ಓದಿದ ಮಗು ಓಣಿಯಲ್ಲಿ ಕೇಳುವುದು ‘ಬರಾಕತ್ತಾನ’. ಪಠ್ಯಕ್ರಮ ಯಾವುದನ್ನು ಕಲಿಸಬೇಕು? ಬರೆಯಲು ಶಿಷ್ಟ ಕನ್ನಡ, ಕೇಳಿ ಅರ್ಥಮಾಡಿಕೊಳ್ಳಲು ಧಾರವಾಡ ಸೀಮೆಯ ಆಡುನುಡಿ ಎಂದು ಪಠ್ಯಕ್ರಮದಲ್ಲಿಯೇ ಬೇರ್ಪಡಿಸಿ ಬರೆಯುವುದು ಸರಿಯೆಂದು ನನಗೆ ತೋರುತ್ತದೆ. ಯಾವುದರಲ್ಲಿ ಮಾತನಾಡಬೇಕೆಂಬುದನ್ನು ಮಗುವಿಗೆ ಬಿಡಬಹುದು. ಆದರೆ ಆಡುನುಡಿಯನ್ನು ತಪ್ಪೆಂದು ತಿದ್ದುವ ಶಿಕ್ಷಕರು, ಮಗು ಹೊರಗೆ ಕಲಿತು ತಂದದ್ದನ್ನು ಅಳಿಸಿಹಾಕುತ್ತಾರೆ.

ಇಷ್ಟನ್ನು ಬರೆದಿಟ್ಟರೂ ಪರೀಕ್ಷೆ ಬದಲಾಗದಿದ್ದರೆ ತರಗತಿ ಬದಲಾಗದು. ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ ಸೇರಿವೆ. ಉಳಿದ 20 ಆಂತರಿಕ ಮೌಲ್ಯಮಾಪನದ ಅಂಕಗಳು ಶಾಲೆಯ ಕೈಯಲ್ಲಿಯೇ ಇವೆ. ಅವುಗಳಲ್ಲಿ ಅರ್ಧದಷ್ಟನ್ನಾದರೂ ಕೇಳಿ ಉತ್ತರಿಸುವುದಕ್ಕೆ, ಇಬ್ಬಿಬ್ಬರು ಮಾತನಾಡಿ ಒಂದು ಕೆಲಸ ಬಗೆಹರಿಸುವುದಕ್ಕೆ ಮೀಸಲಿಡಲು ಹೊಸ ಕಾಯಿದೆ ಬೇಕಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ಶಿಕ್ಷಕರು ಒಂದೇ ದಿನ ಎಲ್ಲರ ಮಾತನ್ನೂ ಅಳೆಯಲಾರರು ಎಂಬುದು ನಿಜ. ದಿನಕ್ಕೆ ಮೂರು ಜೋಡಿಯಂತೆ ವರ್ಷವಿಡೀ ಹಂಚಿದರೆ ಪ್ರತಿ ಮಗುವಿನ ಸರದಿಯೂ ಹಲವು ಬಾರಿ ಬರುತ್ತದೆ.