ಥೈರಾಯ್ಡ್ ಮಾತ್ರೆ ಫಲ ಕೊಡಲು ವಾರಗಟ್ಟಲೆ ಏಕೆ ಕಾಯಬೇಕು?

ಮೂಡಿಗೆರೆಯ ಕಡೆ ಜನವರಿಯ ಕಾಫಿ ಕುಯ್ಲಿನ ವೇಳೆ ಎಲ್ಲರೂ ಸ್ವೆಟರ್ ತೊಟ್ಟು ನಡುಗುತ್ತಿರುವಾಗ ಒಬ್ಬಾಕೆ ಮಾತ್ರ ಬೆವರುತ್ತಿದ್ದರೆ, ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತಿದ್ದರೆ, ಸುಮ್ಮನೆ ಕುಳಿತಾಗಲೂ ಎದೆ ಡವಗುಟ್ಟುತ್ತಿದ್ದರೆ, ಮನೆಯವರು ಮೊದಲು ದೂರುವುದು ಕಾಫಿಯನ್ನೇ. ಆಕೆಯ ಚಾಚಿದ ಬೆರಳುಗಳ ಮೇಲೆ ಒಂದು ಕಾಗದದ ಹಾಳೆಯನ್ನಿಟ್ಟರೆ ಅದರ ಅಂಚು ಸಣ್ಣಗೆ ಅದುರುವುದು ಕಾಣುತ್ತದೆ. ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ತಳ ಕಂಡು, ಆ ಗ್ರಂಥಿ ತಯಾರಿಸುವ ಹಾರ್ಮೋನುಗಳಾದ ಟಿ4 ಮತ್ತು ಟಿ3 ಏರಿದ್ದರೆ ಸಂಶಯ ಥೈರಾಯ್ಡ್‌ನತ್ತ ತಿರುಗುತ್ತದೆ.

ಕತ್ತಿನಲ್ಲಿರುವ ಈ ಗ್ರಂಥಿಯು ಅಯೋಡಿನ್ ಬಳಸಿ ಹಾರ್ಮೋನು ಕಟ್ಟಲು ಪೆರಾಕ್ಸಿಡೇಸ್ ಎಂಬ ಕಿಣ್ವ ಬೇಕು. ಹಾರ್ಮೋನು ಅತಿಯಾದಾಗ ಕೊಡುವ ಕಾರ್ಬಿಮಜೋಲ್ ಮಾತ್ರೆ ದೇಹದಲ್ಲಿ ಮೆಥಿಮಜೋಲ್ ಆಗಿ ಬದಲಾಗಿ ಈ ಕಿಣ್ವವನ್ನೇ ತಡೆಯುತ್ತದೆ. ಈ ಬಗೆಯ ಔಷಧವನ್ನು 1943ರಲ್ಲಿ ಬಾಸ್ಟನ್ನಿನ ವೈದ್ಯ ಎಡ್ವಿನ್ ಆ್ಯಸ್ಟ್‌ವುಡ್ ರೋಗಿಗಳಿಗೆ ಕೊಟ್ಟು ನೋಡಿದ್ದರು. ಆದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ನಿಲ್ಲಿಸಿದ ದಿನವೇ ಗೋಡೌನ್ ಬರಿದಾಗುವುದಿಲ್ಲವಲ್ಲ! ಗ್ರಂಥಿಯಲ್ಲಿ ಮೊದಲೇ ತಯಾರಾಗಿ ಕೂಡಿಟ್ಟ ಹಾರ್ಮೋನು ವಾರಗಟ್ಟಲೆ ಹೊರಬರುತ್ತಲೇ ಇರುತ್ತದೆ, ರಕ್ತಕ್ಕೆ ಬಂದ ಟಿ4 ಅರ್ಧಕ್ಕಿಳಿಯಲು ಸುಮಾರು 7 ದಿನ ಹಿಡಿಯುತ್ತದೆ. ಹಾಗಾಗಿ ಸಾಮಾನ್ಯವಾಗಿ 4ರಿಂದ 8 ವಾರ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಎದೆಬಡಿತ, ನಡುಕಗಳಿಗೆ ಪ್ರೊಪ್ರನಲೋಲ್ ಎಂಬ ಇನ್ನೊಂದು ಮಾತ್ರೆ ಆಸರೆಯಾಗುತ್ತದೆ. ಗ್ರಂಥಿಯ ಉರಿಯೂತದಿಂದ ದಾಸ್ತಾನು ತಾನಾಗಿ ಸೋರುತ್ತಿದ್ದರೆ ಮಾತ್ರ ಕಾರ್ಬಿಮಜೋಲ್‌ನಿಂದ ಪ್ರಯೋಜನವಿಲ್ಲ. ಕಾರಣ ತಿಳಿಯದೆ ಮಾತ್ರೆ ಶುರುಮಾಡುವುದನ್ನು ನಾನು ಒಪ್ಪಲಾರೆ.

ಟಿ4 ಹದಕ್ಕೆ ಬಂದ ಮೇಲೂ ಟಿಎಸ್‌ಎಚ್ ತಿಂಗಳುಗಟ್ಟಲೆ ತಗ್ಗಿನಲ್ಲೇ ಉಳಿಯಬಹುದಾದ್ದರಿಂದ, ಅದೊಂದನ್ನೇ ನೋಡಿ ಮಾತ್ರೆ ಹೆಚ್ಚಿಸಿದರೆ ರೋಗಿ ಎದುರು ದಿಕ್ಕಿಗೆ, ಅಂದರೆ ಹಾರ್ಮೋನಿನ ಕೊರತೆಗೆ ಜಾರುತ್ತಾರೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆಗೆ ಚಿಕಿತ್ಸೆ 12ರಿಂದ 18 ತಿಂಗಳು ನಡೆಯುತ್ತದೆ. ಬಳಿಕವೂ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಅದು ಮರುಕಳಿಸುತ್ತದೆ. ಬಸುರಿನ ಮೊದಲ ಮೂರು ತಿಂಗಳಲ್ಲಿ ಇದೇ ಗುಂಪಿನ ಇನ್ನೊಂದು ಔಷಧವಾದ ಪ್ರೊಪೈಲ್‌ಥಯೋಯುರಾಸಿಲ್‌ಗೆ ಆದ್ಯತೆ, ಆದರೆ ಯಕೃತ್ತಿಗೆ ಅದರ ಹಾನಿಯ ಭಯವಿರುವುದರಿಂದ ಉಳಿದ ಸಮಯದಲ್ಲಿ ಅದು ಹಿಂದಿನ ಸಾಲಿನಲ್ಲಿರುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಗಂಟಲುನೋವೆಂದರೆ ಮೆಣಸಿನ ಕಷಾಯ ಕುಡಿದು ಮಲಗುವುದೇ ರೂಢಿ. ಕಾರ್ಬಿಮಜೋಲ್ ನುಂಗುತ್ತಿರುವವರಿಗೆ, ವಿಶೇಷವಾಗಿ ಚಿಕಿತ್ಸೆಯ ಮೊದಲ ಮೂರು ತಿಂಗಳಲ್ಲಿ, ಆ ರೂಢಿ ಅಪಾಯಕಾರಿ. ಸಾವಿರಕ್ಕೆ ಕೆಲವರಲ್ಲಿ ಈ ಔಷಧ ಬಿಳಿ ರಕ್ತಕಣಗಳನ್ನು ಪೂರಾ ಕುಗ್ಗಿಸಿಬಿಡುತ್ತದೆ, ಅದು ಮೊದಲು ಕಾಣುವುದು ಜ್ವರ ಮತ್ತು ಗಂಟಲುನೋವಾಗಿಯೇ. ಆಗ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು. ಎಣಿಕೆ ಸರಿಯಿದ್ದರೆ ವೈದ್ಯರು ಮಾತ್ರೆಯನ್ನು ಮುಂದುವರಿಸುತ್ತಾರೆ. ಕುಸಿದಿದ್ದರೆ ಈ ಗುಂಪಿನ ಯಾವ ಮಾತ್ರೆಯನ್ನೂ ಮತ್ತೆ ಕೊಡುವಂತಿಲ್ಲ, ಉಳಿಯುವುದು ಗ್ರಂಥಿಯನ್ನು ವಿಕಿರಣದಿಂದ ಕುಗ್ಗಿಸುವ ರೇಡಿಯೋ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆ.