ಒಂದು ಕಿಕ್, ಮೂರು ಬೇಸ್: ಅಂಜುನಾದ ಮರಳಿನಿಂದ ಪಿ.ಬಿ. ರಸ್ತೆಯವರೆಗೆ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಮೆರವಣಿಗೆ ಸಾಗುವಾಗ ಡಿಜೆ ಗಾಡಿಯ ‘ಟ್ರಾನ್ಸ್ ಮಿಕ್ಸ್’ ಕಿವಿಗೆ ಬೀಳದವರು ಕಡಿಮೆ. ಮೇಲೆ ಹಾಡು ಯಾವುದೇ ಇರಲಿ, ಅಡಿಯಲ್ಲಿ ಓಡುವುದು ಒಂದೇ ನಡೆ: ಧಿಂ-ತ-ಕಿ-ಟ, ಧಿಂ-ತ-ಕಿ-ಟ. ಮೊದಲ ಪೆಟ್ಟು ಕಿಕ್ (ಡ್ರಮ್ಮಿನ ‘ಧಂ’ ಸದ್ದು), ಉಳಿದ ಮೂರು ಬೇಸ್ (ತಗ್ಗಿನ ಸ್ವರ). ಸೈಟ್ರಾನ್ಸ್ ಎಂಬ ವೇಗದ ಎಲೆಕ್ಟ್ರಾನಿಕ್ ಕುಣಿತ-ಸಂಗೀತದ ಬೆನ್ನೆಲುಬು ಇದು. ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನು ಕಟ್ಟಲು ಹೊರಟ ಹುಡುಗರು ಎಡವುವುದೂ ಇದೇ ನಾಲ್ಕು ಪೆಟ್ಟುಗಳಲ್ಲಿ.

ಇದರ ಬೇರು ಹುಬ್ಬಳ್ಳಿ ದಾಟಿದರೆ ಸಿಗುವ ಗೋವಾದಲ್ಲಿದೆ. 1970ರ ದಶಕದಲ್ಲಿ ಅಂಜುನಾ ಕಡಲತೀರದಲ್ಲಿ ಬೀಡುಬಿಟ್ಟ ಹಿಪ್ಪಿಗಳು ರಾಕ್, ರೆಗೆ ಹಾಕಿ ಕುಣಿಯುತ್ತಿದ್ದರು. 1980ರ ದಶಕದಲ್ಲಿ ಯುರೋಪಿನ ಎಲೆಕ್ಟ್ರಾನಿಕ್ ಸಂಗೀತ ಕ್ಯಾಸೆಟ್ಟುಗಳಲ್ಲಿ ಬಂತು. ಡಿಜೆಗಳು ಹಾಡುಗಾರಿಕೆಯನ್ನು ಕತ್ತರಿಸಿ ಬರೀ ವಾದ್ಯದ ಭಾಗ ಜೋಡಿಸಿಕೊಂಡರು. ಬಿಸಿಲು, ಧೂಳಿನಲ್ಲಿ ವಿನೈಲ್ ಡಿಸ್ಕ್ ಉಳಿಯುವುದಿಲ್ಲವಾದ್ದರಿಂದ 1987ರಲ್ಲಿ ಬಂದ ಡ್ಯಾಟ್ ಎಂಬ ಡಿಜಿಟಲ್ ಟೇಪು ಅವರ ಕೈಹಿಡಿಯಿತು. ಅಮೆರಿಕದಿಂದ ಬಂದು ಗೋವಾದವರೇ ಆಗಿಹೋದ, 2023ರಲ್ಲಿ ತೀರಿಕೊಂಡ ಡಿಜೆ ಗೋವಾ ಗಿಲ್ ಕೊನೆಯವರೆಗೂ ಡ್ಯಾಟ್ ಬಿಡಲಿಲ್ಲ. ಸಾಮಾನ್ಯ ಡ್ಯಾಟ್ ಯಂತ್ರದಲ್ಲಿ ವೇಗ ಹೆಚ್ಚುಕಡಿಮೆ ಮಾಡುವಂತಿರಲಿಲ್ಲ. ಎರಡು ಟ್ರ್ಯಾಕ್‌ಗಳ ತಾಳ ಕೂಡಿಸಲಾಗದು. ಒಂದರ ಕೊನೆಯ ಮೇಲೆ ಇನ್ನೊಂದರ ಆರಂಭವನ್ನು ಹೊದಿಸಬೇಕು. ಈ ಪ್ರಕಾರದ ಟ್ರ್ಯಾಕ್‌ಗಳು ಬೀಟ್ ಇಲ್ಲದ ಉದ್ದನೆಯ ಆಲಾಪದಿಂದ ಶುರುವಾಗುವುದಕ್ಕೆ ಇದೂ ಒಂದು ಕಾರಣ.

(ಮುಂಬೈಯ ಸಂಗೀತಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲೆಂಡ್ ಟಿಬಿ-303 ಎಂಬ ಬೇಸ್ ಸಿಂಥಸೈಜರ್ ಬಳಸಿ ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದ್ದರು. 2010ರಲ್ಲಿ ಮರುಬಿಡುಗಡೆಯಾಗುವವರೆಗೆ ಆ ಕೆಲಸ ಬಹುತೇಕ ಮರೆತೇಹೋಗಿತ್ತು. ಹಾಗೆ ಮರೆಯಬಾರದಿತ್ತು.)

1990ರ ದಶಕದ ಮೊದಲರ್ಧದಲ್ಲಿ ‘ಗೋವಾ ಟ್ರಾನ್ಸ್’ ಎಂಬ ಹೆಸರು ನಿಂತಿತು. ಲಂಡನ್ನಿನ ಡ್ರ್ಯಾಗನ್‌ಫ್ಲೈ, ಟಿಪ್ ಕಂಪನಿಗಳು ಅದನ್ನು ಹೊರತಂದವು. ಸೇನಾಸೇವೆ ಮುಗಿಸಿ ಗೋವಾಕ್ಕೆ ಬರುತ್ತಿದ್ದ ಇಸ್ರೇಲಿ ಯುವಕರು ತಮ್ಮೂರಿಗೆ ಒಯ್ದರು. ಆಗ ರಾಗದೆಳೆಗಳೇ ಮುಂದು. 1996ರಲ್ಲಿ ವಿಎಸ್‌ಟಿ (ವಾದ್ಯ, ಎಫೆಕ್ಟ್‌ಗಳನ್ನು ಸಾಫ್ಟ್‌ವೇರ್ ಆಗಿ ಜೋಡಿಸುವ ವ್ಯವಸ್ಥೆ) ಬಂದ ಮೇಲೆ ಸಿಂಥ್ (ಸಿಂಥಸೈಜರ್ ವಾದ್ಯ) ಕಂಪ್ಯೂಟರಿನೊಳಗೇ ಸೇರತೊಡಗಿತು. ಧ್ವನಿಯನ್ನು ಮಿಲಿಸೆಕೆಂಡ್ ಲೆಕ್ಕದಲ್ಲಿ ಕತ್ತರಿಸುವುದು ಸುಲಭವಾಯಿತು, ಬೇಸ್ ಬಿಗಿಯಾಗಿ ಗೋವಾ ಟ್ರಾನ್ಸ್ ಸೈಟ್ರಾನ್ಸ್ ಆಯಿತು.

ಆ ಬಿಗಿಯ ಲೆಕ್ಕ ಹೀಗಿದೆ. ವೇಗ 145 ಬಿಪಿಎಂ (ನಿಮಿಷಕ್ಕೆ 145 ಬೀಟ್) ಎಂದಿಟ್ಟುಕೊಳ್ಳಿ. ಒಂದು ಬೀಟ್‌ಗೆ 414 ಮಿಲಿಸೆಕೆಂಡ್. ಬೀಟನ್ನು ನಾಲ್ಕಾಗಿ ಒಡೆಯುವ ಚತುರಶ್ರ ನಡೆಯ ಒಂದು ಪೆಟ್ಟಿಗೆ 103. ಕಿಕ್‌ನ ಬಾಲ ಈ 103ರೊಳಗೆ ಪೂರ್ತಿ ಮುಗಿಯಬೇಕು. ಮುಗಿಯದಿದ್ದರೆ ಮೊದಲ ಬೇಸ್ ಅದರ ಮೇಲೇ ಬಿದ್ದು ಎರಡೂ ಮಂಕಾಗುತ್ತವೆ. ಆಗ ಬಹಳಷ್ಟು ಜನ ವಾಲ್ಯೂಮ್ ಏರಿಸುತ್ತಾರೆ. ಬೇಕಾದ್ದು ಕತ್ತರಿ.

ಬೇಸ್‌ಗೆ ಒಂದೇ ಸಾ ವೇವ್ (ಗರಗಸದ ಹಲ್ಲಿನ ಆಕಾರದ ಅಲೆ) ಸಾಕು. ವೈಟಲ್, ಸರ್ಜ್ ಎಕ್ಸ್‌ಟಿ ಎಂಬ ಸಾಫ್ಟ್‌ವೇರ್ ಸಿಂಥ್‌ಗಳೆರಡೂ ಉಚಿತವಾಗಿ ಸಿಗುತ್ತವೆ. ಮೋನೊ (ಒಂದು ಸಲಕ್ಕೆ ಒಂದೇ ಸ್ವರ) ಇಡಿ. 24 ಡಿಬಿ ಲೋ-ಪಾಸ್ ಫಿಲ್ಟರ್ (ಮೇಲಿನ ಸದ್ದನ್ನು ತಡೆಯುವುದು), ಕಟ್‌ಆಫ್ (ತಡೆ ಶುರುವಾಗುವ ಬಿಂದು) 150 ಹರ್ಟ್ಸ್ ಆಸುಪಾಸು, ಫಿಲ್ಟರ್ ಎನ್ವಲಪ್‌ನ (ಫಿಲ್ಟರ್ ತೆರೆದು ಮುಚ್ಚುವ ಬಗೆ) ಅಟ್ಯಾಕ್ (ಏರುವ ಸಮಯ) ಸೊನ್ನೆ, ಡಿಕೇ (ಇಳಿಯುವ ಸಮಯ) 60ರಿಂದ 90 ಮಿಲಿಸೆಕೆಂಡ್, ಸಸ್ಟೇನ್ (ನಿಲ್ಲುವ ಮಟ್ಟ) ಸೊನ್ನೆ. ಟಿಕ್ ಎಂಬ ಸದ್ದು ಬಾರದಂತೆ 5 ಮಿಲಿಸೆಕೆಂಡ್ ರಿಲೀಸ್ (ಕೊನೆಗೆ ಕರಗುವ ಸಮಯ). ಮರೆಯಬಾರದ್ದು ಫೇಸ್ ರೀಸೆಟ್: ಪ್ರತಿ ಸ್ವರಕ್ಕೂ ಅಲೆ ಒಂದೇ ಬಿಂದುವಿನಿಂದ ಶುರುವಾಗಬೇಕು. 46 ಹರ್ಟ್ಸ್‌ನ ಒಂದು ಅಲೆಗೆ ಸುಮಾರು 22 ಮಿಲಿಸೆಕೆಂಡ್ ಹಿಡಿಯುತ್ತದೆ. 75 ಮಿಲಿಸೆಕೆಂಡ್‌ನ ಸ್ವರದಲ್ಲಿ ಮೂರೂವರೆ ಅಲೆಗಳೂ ತುಂಬುವುದಿಲ್ಲ. ಶುರು ಒಂದೊಂದು ಸಲ ಒಂದೊಂದು ಕಡೆಯಾದರೆ ಒಂದು ಪೆಟ್ಟು ದಪ್ಪ, ಮತ್ತೊಂದು ತೆಳು. ಕೊನೆಗೆ ಕಿಕ್, ಬೇಸ್ ಎರಡನ್ನೂ ಆಡಿಯೊ ಮಾಡಿ, ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ, ಬೇಸನ್ನು ಒಂದೆರಡು ಮಿಲಿಸೆಕೆಂಡ್ ಸರಿಸಿ ಕೂರಿಸಬೇಕು. ಆಮೇಲೆ 30 ಹರ್ಟ್ಸ್‌ನಲ್ಲಿ ಕಡಿದಾದ ಹೈ-ಪಾಸ್ (ತಗ್ಗಿನ ಸದ್ದನ್ನು ತಡೆಯುವ ಫಿಲ್ಟರ್) ಹಾಕಿದರೆ ಫೇಸ್ ತಿರುಗಿ ಈ ಕೆಲಸವೆಲ್ಲ ಕೆಡುತ್ತದೆ. ಹಾಕುವುದಿದ್ದರೆ ಮೊದಲೇ ಹಾಕಿ.

ರಾಗದ ವಿಷಯದಲ್ಲಿ ನಮ್ಮವರಿಗೆ ದಾರಿ ಹತ್ತಿರ. ಸರಳೆ ವರಸೆ ಕಲಿತವರಿಗೆ ಮಾಯಾಮಾಳವಗೌಳ ಬಾಯಿಪಾಠ. ಅದರ ಕಾಕಲಿ ನಿಷಾದ (ಮೇಲಿನ ‘ನಿ’) ತೆಗೆದು ಕೈಶಿಕಿ ನಿಷಾದ (ತಗ್ಗಿನ ‘ನಿ’) ಇಟ್ಟರೆ ವಕುಳಾಭರಣ ರಾಗ; ಗೋವಾ ಟ್ರಾನ್ಸ್‌ನಲ್ಲಿ ಮತ್ತೆ ಮತ್ತೆ ಕೇಳುವ ‘ಫ್ರಿಜಿಯನ್ ಡಾಮಿನೆಂಟ್’ ಎಂಬ ಪಾಶ್ಚಾತ್ಯ ಶ್ರೇಣಿಯ ಸ್ವರಗಳು ಅವೇ.

ಇನ್ನು ಕೋಣೆ. ಕಡಲತೀರಕ್ಕೆ ಗೋಡೆಯಿರಲಿಲ್ಲ, ನಮ್ಮ 10×12 ಅಡಿಯ ಕೋಣೆಗೆ ನಾಲ್ಕಿವೆ, ಮೇಲೆ ಆರ್‌ಸಿಸಿ ತಾರಸಿ. 12 ಅಡಿ ಉದ್ದ ಅನುರಣಿಸುವುದು ಸುಮಾರು 47 ಹರ್ಟ್ಸ್‌ಗೆ, 10 ಅಡಿ ಅಗಲ 56ಕ್ಕೆ. ತಾರಸಿಯೂ 10 ಅಡಿ ಎತ್ತರವಿದ್ದರೆ 56ರ ಗುಂಯ್‌ಗುಟ್ಟುವಿಕೆ ಇಮ್ಮಡಿ. ಸೈಟ್ರಾನ್ಸ್‌ನ ಬೇಸ್ ಕೂರುವುದು ಸರಿಯಾಗಿ ಇಲ್ಲೇ: ಎಫ್ ಶಾರ್ಪ್ 46, ಜಿ 49, ಎ 55 ಹರ್ಟ್ಸ್. ಕೋಣೆಯ ನಟ್ಟನಡುವೆ ಕೂತರೆ ಬೇಸ್ ಮಾಯ. ಇಲ್ಲವೆಂದು ಏರಿಸಿದರೆ ಹೊರಗೆ ವಿಪರೀತ. ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿ ದೂರದಲ್ಲಿ ಕಿವಿ ಇರುವಂತೆ ಕೂರುವುದು ಒಳ್ಳೆಯ ಆರಂಭ. ಮಿಲ್ಲುಗಳ ಊರಿನಲ್ಲಿ ಹತ್ತಿ ಗಾದಿಗೆ ಬರವಿಲ್ಲ, ಮೂಲೆಗೆ ನಿಲ್ಲಿಸಿದರೆ ಮೇಲಿನ ಸದ್ದು ತಣಿಯುತ್ತದೆ. ಆದರೆ 50 ಹರ್ಟ್ಸ್ ಅಲೆಯ ಉದ್ದ ಹತ್ತಿರಹತ್ತಿರ 7 ಮೀಟರ್, ಅರ್ಧ ಅಡಿ ಗಾದಿಗೆ ಅದು ಜಗ್ಗದು. ಕೆಳಗಿನ ಸದ್ದಿನ ತೀರ್ಮಾನ ಹೆಡ್‌ಫೋನ್‌ನಲ್ಲೇ ಆಗಲಿ.

ಗಾಡಿಗೆಂದೇ ಟ್ರ್ಯಾಕ್ ಮಾಡುವವರು ಇ ಶ್ರುತಿ ಬಿಡುವುದು ವಾಸಿ. ಅದರ ಬೇಸ್ 41 ಹರ್ಟ್ಸ್. ಎಷ್ಟೋ ಗಾಡಿಗಳ ಬೇಸ್ ಬಾಕ್ಸ್‌ಗಳು ಅಷ್ಟು ಕೆಳಗೆ ಇಳಿಯುವುದಿಲ್ಲ, ಆಂಪ್ಲಿಫೈಯರ್ ಸುಮ್ಮನೆ ಬಿಸಿಯಾಗುತ್ತದೆ. ಸೆಟ್ ಬಹಳಷ್ಟು ಸಲ ಮೋನೊದಲ್ಲಿ (ಎಡ-ಬಲ ಎರಡೂ ಒಂದಾಗಿ) ಓಡುವುದರಿಂದ ಪೆನ್‌ಡ್ರೈವ್ ಕೊಡುವ ಮುಂಚೆ ಮಾಸ್ಟರ್‌ನ ಮೋನೊ ಒತ್ತಿ ಒಮ್ಮೆ ಪೂರ್ತಿ ಕೇಳಿ. ಅಲ್ಲಿ ಕರಗಿಹೋಗುವ ಲೀಡ್ (ಮುಖ್ಯ ರಾಗದೆಳೆ) ಪಿ.ಬಿ. ರಸ್ತೆಯಲ್ಲೂ ಕೇಳಿಸುವುದಿಲ್ಲ.